ಎರಡೂ ಮೈ ಪಾಲಿಶ್

ನೂರಾ ಐವತ್ತು ಕೊಟ್ಟೀನಿ. ಮಾತಾಡೋ ಹಕ್ಕು ನನಗದ.
'ಕಡಕ್ ಫರಸಿ' ಅಂತ ಹೆಸರು. ನಾಲ್ಕು ಮಂದಿ.
ಶಹಾಬಾದಿನಾಗೇ ಅರ್ಧ ಊರಿಗಿ ಗೊತ್ತಿಲ್ಲ.
ಕಲಬುರಗಿಯಾಗ ಒಂದು ಕಾಲೇಜಿನ ಗ್ಯಾದರಿಂಗಿಗಿ ಕರದಿದ್ರು,
ಎರಡನೇ ಹಾಡಿಗೇ ಪ್ರಿನ್ಸಿಪಾಲರು ಕರೆಂಟ್ ತಗಸಿದ್ರು.
ಅಷ್ಟೇ ಅವರ ಕೀರ್ತಿ.

ನನ್ನ ಕಟಿಂಗ್ ಮಷಿನ್ ಹಿಂದಿನ ತಗಡಿನ ಗೋದಾಮಿನಾಗ
ಮೂರು ವರ್ಷ ಬಾರಿಸ್ಯಾರ.
ಸೈಬಣ್ಣಂದು ಬಾಯಿ, ಖಾಜಾಹುಸೇನಂದು ಗಿಟಾರು,
ಭೀಮಶಾನ ಡ್ರಮ್ಮಿಗಿ ಒಂದು ಕಾಲಿರಲಿಲ್ಲ,
ಒಡದ ಕಲ್ಲಿನ ತುಂಡಿಟ್ಟು ನಿಲ್ಲಸ್ತಿದ್ದ.
ನಾಲ್ಕನೇದಾಂವ ಬಾಸು. ಹೆಸರು ಈಗಲೂ ನೆನಪಿರಲ್ಲ ನನಗ,
ಚಹಾದ ರೊಕ್ಕ ಮಾತ್ರ ಯಾವಾಗಲೂ ಅವನೇ ಕೊಡ್ತಿದ್ದ.

ಬ್ಲೇಡು ಕಲ್ಲಿಗಿ ಹೊಕ್ಕಾಗ
ಒಂದು ಕೂಗು ಹೊಂಡತದ,
ಹಲ್ಲಿನ ಬೇರಿಗಿ ಮುಟ್ಟೋ ಕೂಗು.
ಸೈಬಣ್ಣ ಅದರ ಮ್ಯಾಲ ಹತ್ತಿ ಬಯ್ಯತಿದ್ದ.
ಹಾಡೋದಲ್ರಿ, ಬಯ್ಯೋದು,
ತಾಳ ಹಿಡದು ಬಯ್ಯೋದು.
ಬ್ಲೇಡಿಗಿ ನೀರು ಬಿದ್ದು ದನಿ ಇಳದ್ರ ಅವನೂ ಇಳೀತಿದ್ದ,
ಕಲ್ಲಿನಾಗ ಗಂಟು ಬಂದ್ರ ಅವನೂ ತೊದಲತಿದ್ದ.
ನಾ ಬೇಕಂತೇ ಗಂಟಿನ ಕಲ್ಲು ಆರಿಸಿ ಹಚ್ಚತಿದ್ದೆ.
ಮಾಲಕರಿಗಿ ಹೇಳಬ್ಯಾಡ್ರಿ.

ಈಗ ಹೈದರಾಬಾದಿಗಿ ಹೋಗಿ ರೆಕಾರ್ಡ್ ಮಾಡ್ಯಾರ,
ಗ್ವಾಡಿಗಿ ಗಾದಿ ಬಡದ ಕೋಣ್ಯಾಗ.
ಒಂಬತ್ತು ಹಾಡು, ನಲವತ್ತೊಂದು ನಿಮಿಷ,
ಒಂದು ಕಣ ದೂಳಿಲ್ಲ.

ಭೀಮಶಾನ ಅಪ್ಪನ ಹಾಡದಲ್ಲ,
ಫ್ಯಾಕ್ಟರಿ ಬಂದಾದ ದಿನದ್ದು,
ಗೋದಾಮಿನಾಗ ಹಿಂಗಿತ್ತು:
"ಅಪ್ಪ ಬಂದ, ಡಬ್ಬಿ ಬರಲಿಲ್ಲ,
ಡಬ್ಬ್ಯಾಗಿನ ಪುಂಡಿಪಲ್ಯಾ ಯಾರು ತಿಂದ್ರಲೇ?"
ಅವತ್ತು ಮಷಿನ್ ಬಂದ್ ಮಾಡಿ ನಿಂತಿದ್ದೆ ನಾ.
ರೆಕಾರ್ಡಿನಾಗ:
"ವ್ಯವಸ್ಥೆಯ ಕೋಟೆಗಳೇ, ಉರುಳಿ ಬೀಳಿ."
ಡಬ್ಬಿ ಎಲ್ಲಿ ಹೋಯ್ತಪಾ?
ಯಾರೋ ಅಂದ್ರಂತ, ನಿಮ್ಮ ಮಾತು ಆ ಕಡಿ ಮಂದಿಗಿ ತಿಳಿಯಂಗಿಲ್ಲ ಅಂತ.
'ಬರ್ಲಾಕತ್ತಾನ' ಅಂದ್ರ ಬಾಗಲತನಕ ಚಪ್ಪಲಿ ಸಪ್ಪಳ ಬಂದಂಗ.
'ಬರುತ್ತಿದ್ದಾನೆ' ಅಂದ್ರ ಸ್ಟೇಷನ್ನಿನ ಹೆಣ್ಣಮಗಳ ದನಿ,
ಗಾಡಿ ಇನ್ನೂ ಸೊಲ್ಲಾಪುರದಾಗ.

ಫರಸಿಗಿ ಎರಡು ಮೈ.
ಮ್ಯಾಲಿಂದು ಉಜ್ಜಿ ಹೊಳಸ್ತೀವಿ,
ಕೆಳಗಿಂದು ಹಂಗೇ ಬಿಡ್ತೀವಿ,
ಒರಟಿದ್ರೇ ಗಚ್ಚು ಹಿಡೀತದ.
ಕೆಲಸಕ್ಕ ಹೊಸದಾಗಿ ಬಂದ ಹುಡುಗ ಒಮ್ಮೊಮ್ಮೆ
ಹುರುಪಿಗಿ ಎರಡೂ ಮೈ ಪಾಲಿಶ್ ಹೊಡದು ಶಾಬಾಸ್ ಕೇಳ್ತಾನ.
ಚಂದ ಕಾಣತದ. ಕೂಡಂಗಿಲ್ಲ.

ಒಂದು ಕಡಿ ಮಾತ್ರ ಮರತು ಉಳಿಸ್ಯಾರ.
ಏಳನೇ ಹಾಡು ಮುಗದ ಮ್ಯಾಲ, ಗಿಟಾರಿನ ಬಾಲ ಇನ್ನೂ ಅಲಗ್ಯಾಡತಿರ್ತದ,
ಸೈಬಣ್ಣ ಕೆಮ್ಮತಾನ,
"ತಡೀಲೇ, ಗಂಟಲಾಗ ಕಲ್ಲ ಅದ" ಅಂತಾನ.
ಮೂರು ಸೆಕೆಂಡು. ನಮ್ಮ ದೂಳಿನ ಕೆಮ್ಮು,
ಅವರ ಗಾದಿಗಿ ತಿಳೀಲಿಲ್ಲ ಅದು.
ಸೆಕೆಂಡಿಗಿ ಐವತ್ತು ರೂಪಾಯಿ ಬಿತ್ತು ನನಗ.

ನಿನ್ನಿ ಸಂಜಿಗಿ ಬಂದಿದ್ದ ಅಂವ.
ಹೊಸ ಬೂಟು, ಕಣ್ಣ ಕೆಳಗ ಕಪ್ಪು.
"ಹ್ಯಾಂಗದ ಮಾಮಾ?"
"ಛಲೋ ಅದ."
"ಯಾವುದು ಛಲೋ ಅನಿಸ್ತು?"
"ಏಳನೇದು," ಅಂದೆ. ಸುಳ್ಳೇನಲ್ಲ.
"ಏಳನೇದಾ?" ಅಂದು ಬೂಟು ನೋಡಕೋತ ನಿಂತ.
"ಅದು ತಗೀಬೇಕಂತಿದ್ವಿ."

ಮುಂದ ಇಬ್ಬರಿಗೂ ಮಾತಿರಲಿಲ್ಲ.
ನಾ ಒಂದು ಕಲ್ಲು ಹಚ್ಚಿದೆ.
ಗಂಟಿಂದು.
ಅಂವ ಹೋಗ್ತೀನಂದಾಂವ ಹೋಗಲಿಲ್ಲ,
ಬಿಳಿ ರಾಡ್ಯಾಗ ಆ ಹೊಸ ಬೂಟು
ಸಾವಕಾಶ ಕುಟ್ಟಲಾಕ ಹತ್ತಿತು.